ಆ ಸರಾಸರಿ ಗಾಳಿ ಯಾವ ದಿನ ಬೀಸಿತ್ತು?

ಮೊನ್ನೆ ಒಬ್ಬ ವಿದ್ಯಾರ್ಥಿ ಒಂದು ನಕ್ಷೆ ಹಿಡಿದು ಬಂದ. ಸಮಭಾಜಕದ ಮೇಲೆ 25 ಕಿ.ಮೀ. ಎತ್ತರದ ಗಾಳಿ, ಹಲವು ವರ್ಷಗಳ ಬಲೂನು ಮಾಪನ. ಜನವರಿಗಳನ್ನೆಲ್ಲ ಸೇರಿಸಿ ಒಂದು ಸರಾಸರಿ, ಫೆಬ್ರವರಿಗಳನ್ನೆಲ್ಲ ಸೇರಿಸಿ ಇನ್ನೊಂದು. ಸಿಕ್ಕಿದ್ದು ವರ್ಷಪೂರ್ತಿ ಮಂದವಾದ ಮೂಡಣ ಗಾಳಿ. "ಸರ್, ಇಲ್ಲಿ ಗಾಳಿಯೇ ಅಷ್ಟಕ್ಕಷ್ಟೆ" ಎಂದ. ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸ, ನೋಡಿ ಸಂಕಟವಾಯಿತು.

ಆ ಎತ್ತರದಲ್ಲಿ ಮೂಡಣ ಗಾಳಿ ಸೆಕೆಂಡಿಗೆ 30 ಮೀಟರ್ ವೇಗ ಮುಟ್ಟುತ್ತದೆ. ಆಮೇಲೆ ದಿಕ್ಕು ಬದಲಿಸಿ ಪಡುವಣದಿಂದ ಬೀಸುತ್ತದೆ. ಒಂದು ಸುತ್ತು ಮುಗಿಯಲು ಸುಮಾರು 28 ತಿಂಗಳು ಬೇಕು. ಈ ಜನವರಿಯಲ್ಲಿ ಮೂಡಣವಿದ್ದರೆ ಮುಂದಿನ ಜನವರಿಯಲ್ಲಿ ಪಡುವಣವಿರಬಹುದು. ಎರಡನ್ನೂ ಕೂಡಿ ಭಾಗಿಸಿದರೆ ಒಂದನ್ನೊಂದು ನುಂಗಿಹಾಕುತ್ತವೆ. ಉಳಿದ ಆ ಮಂದ ಗಾಳಿ ಯಾವ ದಿನವೂ ಹಾಗೆ ನೆಲೆನಿಂತು ಬೀಸಿದ್ದಲ್ಲ.

ಹಾಗೆಂದು ಕ್ಯಾಲೆಂಡರ್ ತಿಂಗಳ ಸರಾಸರಿ ಎಲ್ಲೆಡೆ ನಿರುಪಯೋಗಿ ಎನ್ನಲಾರೆ. 17 ಕಿ.ಮೀ. ಸುಮಾರಿನಲ್ಲಿ ಉಷ್ಣಾಂಶ ವರ್ಷಕ್ಕೊಂದು ಸುತ್ತು ಹಾಕುತ್ತದೆ. ಉತ್ತರಾರ್ಧದ ಚಳಿಗಾಲದಲ್ಲಿ ಅತಿ ಶೀತ, ಮೈನಸ್ 80 ಡಿಗ್ರಿಗೂ ಕೆಳಗೆ. 50 ಕಿ.ಮೀ. ಬಳಿ ಗಾಳಿಗೆ ಆರು ತಿಂಗಳ ಲಯ: ಹಗಲು-ರಾತ್ರಿ ಸಮನಾಗುವ ವಿಷುವಗಳ (ಮಾರ್ಚ್, ಸೆಪ್ಟೆಂಬರ್) ಆಸುಪಾಸು ಪಡುವಣ, ಸೂರ್ಯ ದಿಕ್ಕು ಬದಲಿಸುವ ಅಯನಗಳ (ಜೂನ್, ಡಿಸೆಂಬರ್) ಆಸುಪಾಸು ಮೂಡಣ. ಇವೆರಡೂ ಸೂರ್ಯನ ನಡೆಗೆ ಕಟ್ಟುಬಿದ್ದವು. ನಡುವಿನ 28 ತಿಂಗಳಿನದು ಹಾಗಲ್ಲ. ಕೆಳಗಿನ ಮಳೆಮೋಡಗಳು ಎಬ್ಬಿಸಿದ ಅಲೆಗಳು ಮೇಲೇರಿ, ತಮ್ಮ ವೇಗಕ್ಕೆ ಸಮನಾದ ಗಾಳಿಯ ಪದರದ ಹತ್ತಿರ ಕರಗಿ, ಹೊತ್ತು ತಂದ ನೂಕುಬಲವನ್ನು ಅಲ್ಲೇ ಇಳಿಸುತ್ತವೆ. ಆ ನೂಕು ಪದರದ ಕೆಳ ಅಂಚಿಗೆ ಬೀಳುವುದರಿಂದ ಪದರವೇ ಕೆಳಕ್ಕೆ ಜಾರುತ್ತದೆ, ತಿಂಗಳಿಗೆ ಸರಿಸುಮಾರು ಒಂದು ಕಿಲೋಮೀಟರ್.

ಸರಾಸರಿ ಬದಿಗಿಟ್ಟು, ಅಡ್ಡಕ್ಕೆ ಕಾಲ, ಉದ್ದಕ್ಕೆ ಎತ್ತರ ಹಾಕಿ ಬಿಡಿಸಲು ಹೇಳಿದೆ. ಮೂಡಣಕ್ಕೆ ನೀಲಿ, ಪಡುವಣಕ್ಕೆ ಕೆಂಪು. ಪಟ್ಟೆಗಳು ಒಂದರ ಹಿಂದೊಂದು ಓರೆಯಾಗಿ ಇಳಿದು ಬಂದವು. ಹುಡುಗ ಪರದೆಯ ಮೇಲೆ ಬೆರಳಿಟ್ಟು ಒಂದು ಪಟ್ಟೆಯನ್ನು ಕೊನೆತನಕ ಹಿಂಬಾಲಿಸಿದ. ಆ ಮುಖ ನೋಡುವುದಕ್ಕಾಗಿಯೇ ನಾನು ಪಾಠ ಮಾಡುವುದು.

ಒಂದು ಎಚ್ಚರಿಕೆ. 28 ಎಂಬುದೂ ಸರಾಸರಿಯೇ. ಕೆಲವು ಸುತ್ತು ಬೇಗ ಮುಗಿಯುತ್ತವೆ, ಕೆಲವು ಎಳೆಯುತ್ತವೆ. 2016ರ ಫೆಬ್ರವರಿಯಲ್ಲಂತೂ ಪಡುವಣ ಪದರದ ನಡುವೆಯೇ ಮೂಡಣ ಗಾಳಿ ತಲೆಯೆತ್ತಿತು. ಅದುವರೆಗಿನ ದಾಖಲೆಯಲ್ಲಿ ಅಂಥದ್ದು ಇರಲಿಲ್ಲ. ಹುಡುಗನ ನಕ್ಷೆಯಲ್ಲಿ ಆ ಜಾಗ ಖಾಲಿಯಿತ್ತು. ಕೇಳಿದರೆ, ಉಪಕರಣದ ದೋಷವೆಂದು ತಾನೇ ಅಳಿಸಿದ್ದನಂತೆ. ಈಗ ಆ ತಿಂಗಳುಗಳನ್ನು ಮರಳಿ ಸೇರಿಸುತ್ತಿದ್ದಾನೆ.