ಕೆರೆ ತುಂಬಿದೆ, ಆದ್ರೂ ಹಕ್ಕಿ ಯಾಕೆ ಕಾಣಲ್ಲ?

"ಒಳ್ಳೆ ಮಳೆ ಆಗಿ ಅಯ್ಯನಕೆರೆ ತುಂಬಿದೆ ಅಂತ ಕೇಳಿ ಬೆಳಿಗ್ಗೆ ಬೇಗ ಎದ್ದು ಹೋದ್ವಿ, ನಾಲ್ಕು ನೀರುಕಾಗೆ ಬಿಟ್ರೆ ಏನೂ ಸಿಗ್ಲಿಲ್ಲ, ಯಾಕೆ?" ಚಿಕ್ಕಮಗಳೂರು ಕಡೆ ಹಕ್ಕಿ ನೋಡೋಕೆ ಶುರು ಮಾಡಿದೋರೆಲ್ಲ ಒಂದಲ್ಲ ಒಂದು ಸಲ ಇದನ್ನ ಕೇಳೇ ಕೇಳ್ತಾರೆ.

ಕೆರೆ ತುಂಬಿರೋದೇ ಕಾರಣ ಕಣ್ರೀ.

ನಾವು ಕೆರೆ ಹಕ್ಕಿ ಅಂತೀವಲ್ಲ, ಅದ್ರಲ್ಲಿ ಎಷ್ಟೋ ಹಕ್ಕಿಗಳು ಈಜೋವೇ ಅಲ್ಲ. ಬೆಳ್ಳಕ್ಕಿ, ಕೊಕ್ಕರೆ, ಮೆಟ್ಟುಗಾಲು ಹಕ್ಕಿ, ಗದ್ದೆಗೊರವ, ಇವೆಲ್ಲ ನಿಂತ್ಕೊಂಡೋ ನಡ್ಕೊಂಡೋ ತಿನ್ನೋವು, ಕಾಲು ಎಷ್ಟು ಉದ್ದ ಇದೆಯೋ ಅಷ್ಟೇ ನೀರಿಗೆ ಇಳಿತಾವೆ, ಕೊಕ್ಕು ಎಷ್ಟು ಉದ್ದ ಇದೆಯೋ ಅಷ್ಟೇ ಆಳಕ್ಕೆ ಕೆಸರು ಕೆದಕ್ತಾವೆ. ಗದ್ದೆಗೊರವ ಸೈಬೀರಿಯಾದಂಥ ಜಾಗದಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಅಂತ ಇಷ್ಟು ದೂರ ಹಾರ್ಕೊಂಡು ಬರೋ ಸಣ್ಣ ಹಕ್ಕಿ, ಅದಕ್ಕೆ ಬೇಕಿರೋದು ಅಂಗೈ ಮುಳುಗೋಷ್ಟು ನೀರು ಮತ್ತೆ ಹುಳ ತುಂಬಿರೋ ಕೆಸರು. ಕೆರೆ ಅಂಚಿನವರೆಗೂ ನೀರು ನಿಂತ್ರೆ ಅದಕ್ಕೆ ಕಾಲಿಡೋಕೇ ಜಾಗ ಇಲ್ಲ. ಆಗ ಮುಳುಗಿ ಮೀನು ಹಿಡಿಯೋ ನೀರುಕಾಗೆ, ಗುಳುಮುಳುಕ ಇಂಥವಕ್ಕೆ ಮಾತ್ರ ಹಬ್ಬ.

ಇನ್ನೊಂದು ವಿಷಯ, ನಾವು ನಿಲ್ಲೋ ಜಾಗ. ಎಲ್ರೂ ಕಾರು ನಿಲ್ಸಿ ಏರಿ ಮೇಲೆ ಹತ್ತಿ ಬೈನಾಕ್ಯುಲರ್ ಎತ್ತುತ್ತಾರೆ, ಆದ್ರೆ ಏರಿ ಪಕ್ಕ, ತೂಬಿನ ಹತ್ರಾನೇ ನೀರು ಜಾಸ್ತಿ ಆಳ ಇರೋದು. ಹಳ್ಳ ಬಂದು ಸೇರೋ ಎದುರು ದಡಕ್ಕೆ ಹೋಗಿ, ಅಲ್ಲಿ ಹೂಳು ಕೂತು ನೆಲ ಮೇಲೆ ಬಂದಿರುತ್ತೆ, ಜೊಂಡು ಇರುತ್ತೆ, ಕೆರೆ ತುಂಬಿದ್ರೂ ಅಲ್ಲಿ ಏನಾದ್ರೂ ಸಿಕ್ಕೇ ಸಿಗುತ್ತೆ. ಹಳೇಬೀಡಿನ ದ್ವಾರಸಮುದ್ರ ಕೆರೆಯಲ್ಲೂ ಇದನ್ನೇ ಮಾಡಿ. ಕೆರೆ ಕೆಳಗಿನ ಗದ್ದೆ ಬಯಲನ್ನೂ ಬಿಡ್ಬೇಡಿ, ಬಸವನಹುಳು ತಿನ್ನೋ ಬಾಯ್ಕಳಕ ಕೊಕ್ಕರೆ ಅಲ್ಲಿರೋ ಚಾನ್ಸ್ ಇದೆ. ಸೂರ್ಯ ಬೆನ್ನಿಗಿರ್ಲಿ, ಇಲ್ಲಾಂದ್ರೆ ಎಲ್ಲಾ ಹಕ್ಕಿನೂ ಕಪ್ಪಗೇ ಕಾಣ್ತವೆ. ಒಂಬತ್ತರ ಮೇಲೆ ಬಿಸಿಲು ಏರಿ ದೂರದ್ದೆಲ್ಲ ಅಲುಗಾಡಿದ ಹಾಗೆ ಕಾಣುತ್ತೆ, ಅಷ್ಟೊತ್ತಿಗೆ ದನ, ಜನ ಎಲ್ಲಾ ದಡಕ್ಕೆ ಬಂದಿರ್ತಾರೆ.

ತಿಂಗಳು ಕೇಳಿದ್ರೆ ನಾನು ಜನವರಿ, ಫೆಬ್ರವರಿ ಅಂತೀನಿ. ವಲಸೆ ಹಕ್ಕಿ ಇನ್ನೂ ವಾಪಸ್ ಹೋಗಿರಲ್ಲ, ನೀರು ಇಳಿದು ಕೆಸರು ಅಂಚು ಬಿಟ್ಕೊಂಡಿರುತ್ತೆ. "ಅಯ್ಯೋ ಕೆರೆ ಬತ್ತುತಾ ಇದೆ" ಅಂತ ನಮಗೆ ಬೇಜಾರಾಗೋ ಹೊತ್ತಲ್ಲೇ ಅವಕ್ಕೆ ಊಟ ಸಿಗೋದು.

ನೀರು ಇಳಿಯೋದನ್ನೇ ನಂಬ್ಕೊಂಡು ಬದುಕೋ ಹಕ್ಕಿ ಅಂದ್ರೆ ನನಗೆ ಮೊದ್ಲು ನೆನಪಾಗೋದು ಲಕ್ಕವಳ್ಳಿಯ ಭದ್ರಾ ಹಿನ್ನೀರಿನ ರಿವರ್ ಟರ್ನ್. ಬೇಸಿಗೆಗೆ ನೀರು ತಗ್ಗಿ ನಡುಗಡ್ಡೆಗಳು ಮೇಲೆ ಬಂದಾಗ ಬರೀ ನೆಲದ ಮೇಲೇ ಮೊಟ್ಟೆ ಇಡ್ತವೆ, ಸುತ್ತ ನೀರಿರೋದ್ರಿಂದ ನಾಯಿ, ನರಿ ಕಾಟ ಕಮ್ಮಿ. ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಅಂತ ಲೆಕ್ಕ ಇಡೋ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ವಲ್ನರಬಲ್, ಅಂದ್ರೆ ಅಳಿದುಹೋಗೋ ಅಪಾಯ ಇರೋದು, ಅಂತ ಇರೋ ಹಕ್ಕಿ ಇದು. ದಯವಿಟ್ಟು ಫೋಟೋಗೋಸ್ಕರ ಬೋಟನ್ನ ಗೂಡಿನ ಹತ್ರ ಹೋಗೋಕೆ ಹೇಳ್ಬೇಡಿ. ತಾಯಿ ಹಕ್ಕಿ ಹೆದರಿ ಎದ್ದು ಹಾರಿದ್ರೆ ಮೊಟ್ಟೆಗೆ ನೆರಳೇ ಇರಲ್ಲ, ಆ ಬಿಸಿಲಲ್ಲಿ ಸ್ವಲ್ಪ ಹೊತ್ತು ಬಿಟ್ರೂ ಒಳಗಿನ ಮರಿ ಸಾಯಬಹುದು.