ರಕ್ಷಣೆಯ ಭರವಸೆ ಅಲುಗಾಡಿದಾಗ ಯಾವ ವಾಕ್ಯ ಬಾಯಿಪಾಠ ಮಾಡಬೇಕು, ಹೇಗೆ?

ಪ್ರಶ್ನೆ: ಯೇಸುವನ್ನು ನಂಬಿ ದೀಕ್ಷಾಸ್ನಾನ ತೆಗೆದುಕೊಂಡಿದ್ದೇನೆ. ಭಾನುವಾರ ಆರಾಧನೆಯಲ್ಲಿ ಮನಸ್ಸು ತುಂಬಿರುತ್ತದೆ. ವಾರದ ನಡುವೆ ‘ನನಗೆ ನಿಜವಾಗಿ ರಕ್ಷಣೆ ಆಗಿದೆಯೇ?’ ಎಂಬ ಅನುಮಾನ ಶುರುವಾಗುತ್ತದೆ. ವಾಕ್ಯ ಬಾಯಿಪಾಠ ಮಾಡಿ ಎನ್ನುತ್ತಾರೆ. ಮಾಡುತ್ತೇನೆ, ಆದರೆ ವಾರದೊಳಗೆ ಮರೆತುಹೋಗುತ್ತದೆ. ವಾಕ್ಯ ನೆನಪಿನಲ್ಲಿ ನಿಲ್ಲದಿರುವುದೂ ನಂಬಿಕೆ ಇಲ್ಲದ ಗುರುತೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇವೆ. ಅಲ್ಲ. ಅಕ್ಷರ ಬಾರದ ಅಜ್ಜಿಗೆ ಒಂದು ವಾಕ್ಯವೂ ಪೂರ್ತಿ ಬಾರದಿರಬಹುದು. ಮರೆವಿನ ಕಾಯಿಲೆ ಬಂದ ಹಿರಿಯರೊಬ್ಬರಿಗೆ ಕಲಿತದ್ದೆಲ್ಲ ಅಳಿಸಿಹೋಗಿರಬಹುದು. ಅದರ ಜೊತೆಗೆ ಅವರ ರಕ್ಷಣೆ ಅಳಿಸಿಹೋಗುವುದಿಲ್ಲ. ಅದು ನಿಂತಿರುವುದು ಕ್ರಿಸ್ತನು ಶಿಲುಬೆಯಲ್ಲಿ ಮಾಡಿ ಮುಗಿಸಿದ ಕೆಲಸದ ಮೇಲೆ. ಬಾಯಿಪಾಠ ಇರುವುದು ಬೇರೊಂದು ಕಾರಣಕ್ಕೆ. ಅನುಮಾನ ಬರುವುದು ನಡುರಾತ್ರಿ, ಬಸ್ಸಿನಲ್ಲಿ ನಿಂತಿರುವಾಗ, ಮನೆಯಲ್ಲಿ ಜಗಳವಾಡಿದ ಮೇಲೆ. ಆ ಹೊತ್ತಿಗೆ ದೇವರು ಏನು ಹೇಳಿದ್ದಾನೆ ಎಂಬುದು ನಾಲಿಗೆಯ ಮೇಲೆ ಇರಬೇಕು, ಅಷ್ಟೇ.

ರಕ್ಷಣೆ ಆಗಿರುವುದು ಒಂದು, ಆಗಿದೆಯೆಂದು ತಿಳಿದಿರುವುದು ಇನ್ನೊಂದು, ಅದನ್ನು ಮನಸ್ಸಿನಲ್ಲಿ ಅನುಭವಿಸುವುದು ಮತ್ತೊಂದು. ನಿಮ್ಮ ಪ್ರಶ್ನೆಯಲ್ಲಿ ಈ ಮೂರೂ ಒಂದರೊಳಗೊಂದು ಬೆರೆತಿವೆ. ಭಾನುವಾರದ ತುಂಬಿದ ಮನಸ್ಸು ಮೂರನೆಯದು. ನಿದ್ದೆ, ಆರೋಗ್ಯ, ಹಾಡು, ಜೊತೆಗಿರುವ ಜನ ಎಲ್ಲವೂ ಅದನ್ನು ಏರಿಳಿಸುತ್ತವೆ. ಅದನ್ನೇ ಅಳತೆಗೋಲಾಗಿ ಹಿಡಿದರೆ ಪ್ರತಿ ವಾರವೂ ರಕ್ಷಣೆ ಬಂದು ಹೋದ ಹಾಗೆ ಕಾಣುತ್ತದೆ.

ಸಭೆಯ ಹಿರಿಯರು ಇದನ್ನು ಹಿಂದೆಯೇ ಬಲ್ಲರು. ನಿಜವಾದ ವಿಶ್ವಾಸಿಯೂ ಪೂರ್ಣ ಭರವಸೆಗಾಗಿ ಬಹಳ ಕಾಲ ಕಾಯಬೇಕಾಗಬಹುದು, ಹೋರಾಡಬೇಕಾಗಬಹುದು ಎಂದು ಪ್ರೊಟೆಸ್ಟೆಂಟ್ ಬೋಧಕರು ರೂಪಿಸಿದ 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣದ 18ನೇ ಅಧ್ಯಾಯ ಬಿಡಿಸಿ ಹೇಳುತ್ತದೆ. ಎಲ್ಲ ಸಭೆಗಳೂ ಈ ವಿಷಯವನ್ನು ಒಂದೇ ರೀತಿ ಕಲಿಸುವುದಿಲ್ಲ ಎಂಬುದೂ ನಿಮಗೆ ಗೊತ್ತಿರಲಿ. ತಾನು ಕೃಪೆಯಲ್ಲಿದ್ದೇನೆಂದು ತಪ್ಪಲಾರದ ನಿಶ್ಚಯದಿಂದ ಯಾರೂ ಹೇಳಲಾಗದು ಎಂದು 1547ರಲ್ಲಿ ಕಥೋಲಿಕ ಸಭೆಯ ಟ್ರೆಂಟ್ ಮಹಾಸಭೆ ತೀರ್ಮಾನಿಸಿತು. ಹಾಗಾಗಿ ಕಥೋಲಿಕ ಓದುಗರು ಈ ವಿಷಯದಲ್ಲಿ ‘ನಿರೀಕ್ಷೆ’ ಎಂಬ ಮಾತನ್ನು ಹೆಚ್ಚು ಬಳಸುತ್ತಾರೆ. ಈ ಉತ್ತರ ಪ್ರೊಟೆಸ್ಟೆಂಟ್ ನೆಲೆಯಲ್ಲಿ ನಿಂತು ಬರೆದದ್ದು. ಕೆಳಗೆ ಹೇಳಿರುವ ವಾಕ್ಯಗಳಾದರೋ ಎಲ್ಲರ ಸತ್ಯವೇದದಲ್ಲೂ ಇವೆ.

ಶುರು ಮಾಡಬೇಕಾದದ್ದು 1 ಯೋಹಾನ 5:11-13ರಿಂದ. ದೇವರು ನಿತ್ಯಜೀವ ಕೊಟ್ಟಿದ್ದಾನೆ, ಆ ಜೀವ ಆತನ ಮಗನಲ್ಲಿದೆ, ಮಗನು ಯಾರಿಗೆ ಉಂಟೋ ಅವರಿಗೆ ಜೀವ ಉಂಟು ಎಂಬುದು ಅದರ ಸಾರ. ಹದಿಮೂರನೇ ವಚನ ನಿಮ್ಮಂಥವರಿಗಾಗಿಯೇ ಇದೆ: ಈಗಾಗಲೇ ನಂಬಿರುವವರಿಗೆ ತಮಗೆ ನಿತ್ಯಜೀವ ಉಂಟೆಂದು ತಿಳಿಯಲಿ ಎಂದೇ ಬರೆದಿದ್ದೇನೆ ಎನ್ನುತ್ತಾನೆ ಯೋಹಾನ. ಸುವಾರ್ತೆಯನ್ನು ಯಾಕೆ ಬರೆಯಲಾಯಿತು ಎಂಬುದು ಯೋಹಾನ 20:31ರಲ್ಲಿದೆ, ಜನ ನಂಬಲಿ ಎಂದು. ಪತ್ರ ಬರೆದದ್ದು ನಂಬಿದವರು ತಿಳಿದಿರಲಿ ಎಂದು. ನಂಬಿಯೂ ತಿಳಿಯದೆ ಒದ್ದಾಡುವವರು ಮೊದಲನೆಯ ಶತಮಾನದಲ್ಲೇ ಇದ್ದರು, ಅವರನ್ನು ಯಾರೂ ಹೊರಗೆ ಹಾಕಲಿಲ್ಲ.

ಇದರ ಜೊತೆಗೆ ನಾಲ್ಕು ಸಾಕು. ‘ನನ್ನಂಥವನನ್ನು ಆತ ಸೇರಿಸಿಕೊಳ್ಳುವನೇ’ ಎಂಬ ಅನುಮಾನಕ್ಕೆ ಯೋಹಾನ 6:37. ‘ಕೈ ಬಿಟ್ಟುಬಿಟ್ಟರೆ?’ ಎಂಬ ಭಯಕ್ಕೆ ಯೋಹಾನ 10:27-29, ಅಲ್ಲಿ ಕುರಿಗಳು ಮಗನ ಕೈಯಲ್ಲೂ ತಂದೆಯ ಕೈಯಲ್ಲೂ ಇವೆ. ಪಾಪ ಮಾಡಿ ಕುಗ್ಗಿದಾಗ 1 ಯೋಹಾನ 1:9. ಅರಿಕೆ ಮಾಡಿದ ಮೇಲೂ ಮನಸ್ಸು ಚುಚ್ಚುತ್ತಲೇ ಇದ್ದರೆ 1 ಯೋಹಾನ 3:19-20, ನಮ್ಮ ಹೃದಯವೇ ನಮ್ಮ ಮೇಲೆ ದೋಷ ಹೊರಿಸಿದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು ಎನ್ನುವ ಭಾಗ. ಭರವಸೆಯ ವಾಕ್ಯಗಳ ಪಟ್ಟಿಗಳಲ್ಲಿ ಈ ಕೊನೆಯದು ಅಪರೂಪಕ್ಕೆ ಸಿಗುತ್ತದೆ. ಕುಗ್ಗಿದ ಮನಸ್ಸಿಗೆ ಇದರಷ್ಟು ನೇರವಾಗಿ ಮಾತನಾಡುವ ಭಾಗ ಕಡಿಮೆ ಎಂದೇ ನಮ್ಮ ಅಭಿಪ್ರಾಯ.

ಇನ್ನು ಮರೆವಿನ ವಿಷಯ. ವಾರದಲ್ಲಿ ಮರೆಯಲು ಸಾಮಾನ್ಯ ಕಾರಣ ಓದುವ ಕ್ರಮ. ಒಂದೇ ದಿನ ಇಪ್ಪತ್ತು ಸಲ ನೋಡಿ ನೋಡಿ ಓದುತ್ತೇವೆ, ಬಂತು ಅನ್ನಿಸುತ್ತದೆ, ಮುಂದಿನ ಭಾನುವಾರದವರೆಗೆ ಮುಟ್ಟುವುದಿಲ್ಲ. ಕಣ್ಣಿಗೆ ಪರಿಚಯವಾದದ್ದು ಬಾಯಿಗೆ ಬಂದ ಹಾಗಲ್ಲ. ನೋಡದೆ ಹೇಳಲು ಹೆಣಗುವ ಆ ಕೆಲವು ಕ್ಷಣಗಳೇ ನೆನಪನ್ನು ಗಟ್ಟಿ ಮಾಡುವುದು.

ಶುರುವಿನಲ್ಲೇ ಬಾಯಿಪಾಠಕ್ಕೆ ಕೈ ಹಾಕಬೇಡಿ. 1 ಯೋಹಾನ ಐದನೇ ಅಧ್ಯಾಯ ಇಡೀ ಓದಿ, ಇಪ್ಪತ್ತೊಂದು ವಚನ, ಐದು ನಿಮಿಷದ ಕೆಲಸ. ಆಮೇಲೆ 11ನೇ ವಚನವನ್ನು ಅಂಗೈಯಷ್ಟು ದೊಡ್ಡ ರಟ್ಟಿನ ಮೇಲೆ ಕೈಯಿಂದ ಬರೆಯಿರಿ, ಹಿಂಬದಿಗೆ ‘1 ಯೋಹಾನ 5:11’ ಎಂದು ಮಾತ್ರ. ಉಸಿರು ನಿಲ್ಲುವ ಕಡೆ ಒಡೆದು ಎರಡು ತುಂಡು ಮಾಡಿ. ಗಟ್ಟಿಯಾಗಿ ಎರಡು ಸಲ ಓದಿ, ರಟ್ಟು ಮಗುಚಿ, ನೋಡದೆ ಹೇಳಿ. ತಪ್ಪಿದ ಕಡೆ ಮಾತ್ರ ನೋಡಿ. ಹೀಗೆ ಐದಾರು ಸಲ ಆದರೆ ಆ ದಿನಕ್ಕೆ ಮುಗಿಯಿತು. ಮರುದಿನ ಬೆಳಿಗ್ಗೆ ರಟ್ಟು ನೋಡುವ ಮೊದಲೇ ಹೇಳಲು ಪ್ರಯತ್ನಿಸಿ. ಬಾರದಿದ್ದರೆ ಬೇಸರ ಬೇಡ, ಆ ಪ್ರಯತ್ನವೂ ಕೆಲಸ ಮಾಡುತ್ತದೆ. ನಂತರ ಮೂರನೇ ದಿನ, ಏಳನೇ ದಿನ, ಹದಿನೈದನೇ ದಿನ, ತಿಂಗಳಿಗೆ ಒಮ್ಮೆ. ನಡುವೆ ಎಲ್ಲಾದರೂ ಪೂರ್ತಿ ಮರೆತರೆ ಮತ್ತೆ ಮರುದಿನದಿಂದ ಎಣಿಸಿ. ವಾರಕ್ಕೆ ಒಂದೇ ವಚನ, ಹೆಚ್ಚು ಬೇಡ.

ವಾಕ್ಯದ ವಿಳಾಸವನ್ನು ಮೊದಲೂ ಹೇಳಿ, ಕೊನೆಯಲ್ಲೂ ಹೇಳಿ. ವಾಕ್ಯ ಬಂದು ಅಧ್ಯಾಯ ಬಾರದಿರುವುದು ಬಹಳ ಜನರ ತೊಂದರೆ. ಅದರಲ್ಲೂ ‘ಯೋಹಾನ’ ಮತ್ತು ‘1 ಯೋಹಾನ’ ಅದಲುಬದಲಾಗಿ, ಪತ್ರದ ಮಾತಿಗೆ ಸುವಾರ್ತೆಯನ್ನು ತಡಕಾಡುತ್ತಾರೆ. ‘ಯೋಹಾನನ ಮೊದಲನೆಯ ಪತ್ರ’ ಎಂದು ಬಿಡಿಸಿಯೇ ಹೇಳುವುದು ರೂಢಿಯಾಗಲಿ. ಇನ್ನೊಂದು ತೊಂದರೆ: ಆರಂಭ ಸರಾಗ, ಕೊನೆ ಮಸುಕು. ಪ್ರತಿ ಸಲವೂ ಮೊದಲಿನಿಂದ ಶುರು ಮಾಡುವುದರಿಂದ ಮೊದಲ ತುಂಡಿಗೇ ಹೆಚ್ಚು ಅಭ್ಯಾಸ ಸಿಗುತ್ತದೆ. ಎರಡನೇ ತುಂಡನ್ನು ಮೊದಲು ಕಲಿತು, ಆಮೇಲೆ ಮೊದಲನೆಯದನ್ನು ಜೋಡಿಸಿದರೆ ಇದು ಸರಿಹೋಗುತ್ತದೆ.

ಅನುವಾದ ಒಂದೇ ಇರಲಿ. ಸಭೆಯಲ್ಲಿ ಹಳೆಯ ‘ಸತ್ಯವೇದವು’, ಮೊಬೈಲಿನಲ್ಲಿ ಸರಳ ಕನ್ನಡದ ಆವೃತ್ತಿ, ಮಕ್ಕಳ ಕೈಯಲ್ಲಿ ಇಂಗ್ಲಿಷ್ ಬೈಬಲ್ ಇದ್ದರೆ ಮೂರೂ ಕಲಸಿಹೋಗಿ ಯಾವುದೂ ನಿಲ್ಲುವುದಿಲ್ಲ. ಸಭೆಯಲ್ಲಿ ಕಿವಿಗೆ ಬೀಳುವ ಅನುವಾದವನ್ನೇ ಬಾಯಿಪಾಠಕ್ಕೆ ಆರಿಸಿ, ಪ್ರತಿ ಪ್ರಸಂಗವೂ ಪುಕ್ಕಟೆ ಅಭ್ಯಾಸವಾಗುತ್ತದೆ. ಅರ್ಥ ಬಿಡಿಸಿಕೊಳ್ಳಲು ಉಳಿದವು ಇರಲಿ. ಕನ್ನಡ ಮಾತನಾಡಿದರೂ ಲಿಪಿ ಓದಲು ಬಾರದ ಮಕ್ಕಳಿಗೆ ನಿಮ್ಮ ದನಿಯಲ್ಲೇ ವಾಕ್ಯವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೊಡಿ.

ವಾಗ್ದಾನ ವಾಕ್ಯದ ಚೀಟಿಗಳ ಬಗ್ಗೆಯೂ ಹೇಳಲೇಬೇಕು. ಹೊಸ ವರ್ಷದ ಆರಾಧನೆಯಲ್ಲಿ ಸಿಕ್ಕ ಚೀಟಿಯನ್ನು ವರ್ಷವಿಡೀ ಹಿಡಿದುಕೊಳ್ಳುವುದರಲ್ಲಿ ಪ್ರೀತಿ ಇದೆ, ನಾವು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಭರವಸೆಗೆ ಅದು ಸಾಲದು. ಯೆರೆಮೀಯ 29:11 ಬಹಳ ಜನರಿಗೆ ಬಾಯಿಗೆ ಬರುತ್ತದೆ, ಹಿಂದಿನ ಹತ್ತನೇ ವಚನ ಬರುವುದಿಲ್ಲ. ಅಲ್ಲಿ ಬಾಬೆಲಿಗೆ ಸೆರೆಹೋದವರಿಗೆ ಎಪ್ಪತ್ತು ವರ್ಷ ಕಾಯಬೇಕೆಂದಿದೆ. ಈ ವರ್ಷವೇ ಎಲ್ಲ ನೆಟ್ಟಗಾಗುತ್ತದೆ ಎಂದು ಓದಿಕೊಂಡವರಿಗೆ, ಆಗದಿದ್ದಾಗ ಒಡೆಯುವುದು ನಂಬಿಕೆಯೇ. ಸೈತಾನನೂ ಮತ್ತಾಯ 4ರಲ್ಲಿ 91ನೇ ಕೀರ್ತನೆಯನ್ನು ಬಾಯಿಪಾಠವಾಗಿಯೇ ಹೇಳಿದ. ಯೇಸು ಅದಕ್ಕೆ ಧರ್ಮೋಪದೇಶಕಾಂಡದ ಮಾತಿನಿಂದ ಉತ್ತರ ಕೊಟ್ಟನು. ಪ್ರತಿ ವಾಕ್ಯದ ಜೊತೆಗೆ ಯಾರು, ಯಾರಿಗೆ, ಯಾಕೆ ಹೇಳಿದರು ಎಂದು ಒಂದು ಸಾಲು ರಟ್ಟಿನ ಮೂಲೆಯಲ್ಲಿ ಬರೆದಿಡಿ.

ಹಾಗಾದರೆ ವಾಕ್ಯ ಹೇಳಿಕೊಂಡು ಹೇಗೆ ಬೇಕಾದರೂ ಬದುಕಬಹುದೇ ಎಂದು ಕೆಲವರು ಕೇಳುತ್ತಾರೆ. ಯೋಹಾನನ ಅದೇ ಮೊದಲನೆಯ ಪತ್ರ 2:3ರಲ್ಲಿ ಆಜ್ಞೆಗಳನ್ನು ಕೈಕೊಳ್ಳುವುದನ್ನೂ 3:14ರಲ್ಲಿ ಸಹೋದರ ಪ್ರೀತಿಯನ್ನೂ ಗುರುತಾಗಿ ಇಡುತ್ತದೆ. ಪಾಪದಲ್ಲಿ ನೆಮ್ಮದಿಯಾಗಿ ಕೂತವರಿಗೆ ಆ ಎರಡು ವಚನ ಬೇಕು. ಪಾಪಕ್ಕಾಗಿ ಅಳುವವರು ಮಾತ್ರ ಅವನ್ನೇ ತಿರುಗಿ ತಿರುಗಿ ಓದಿ ತಮ್ಮನ್ನು ಜರೆದುಕೊಳ್ಳುತ್ತಾರೆ. ಗುರುತುಗಳು ರಕ್ಷಣೆಯ ಫಲ, ಅದರ ಬೆಲೆಯಲ್ಲ.

ಕೆಲವರಲ್ಲಿ ಅನುಮಾನ ಬೇರೆಯೇ ರೂಪ ತಾಳುತ್ತದೆ. ಒಂದೇ ವಾಕ್ಯವನ್ನು ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ಹತ್ತಾರು ಸಲ ಹೇಳುವುದು, ಪಶ್ಚಾತ್ತಾಪದ ಪ್ರಾರ್ಥನೆಯನ್ನು ದಿನವೂ ಹೊಸದಾಗಿ ಮಾಡುವುದು, ಕ್ಷಮಿಸಲಾಗದ ಪಾಪ ಮಾಡಿಬಿಟ್ಟೆನೆಂಬ ಯೋಚನೆ ಬಿಡದೆ ಕಾಡುವುದು. ಇಂಥವರಿಗೆ ಹೆಚ್ಚು ವಾಕ್ಯ ಕೊಡುವುದು ಮದ್ದಲ್ಲ. ಒಮ್ಮೆ ಹೇಳಿ, ಸರಿಯಿತ್ತೇ ಎಂದು ಪರೀಕ್ಷಿಸದೆ ಕೈಯಲ್ಲಿನ ಕೆಲಸಕ್ಕೆ ಹಿಂದಿರುಗಬೇಕು. ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ ಸಭಾಪಾಲಕರ ಜೊತೆಗೆ ಮನೋವೈದ್ಯರನ್ನೂ ಕಾಣಿ. ಅದು ಅಪನಂಬಿಕೆಯಲ್ಲ. ‘ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು’ ಎಂದು ಕೂಗಿದ ಮಾರ್ಕ 9:24ರ ತಂದೆಯನ್ನೂ ಯೇಸು ಬೈದು ಕಳಿಸಲಿಲ್ಲ, ಅವನ ಮಗನನ್ನು ಗುಣಪಡಿಸಿದನು.

ಈ ಐದು ಭಾಗಗಳು ನಿಂತ ಮೇಲೆ ಬಿಡಿ ವಾಕ್ಯ ಕೂಡಿಸುವುದನ್ನು ನಿಲ್ಲಿಸಿ, ರೋಮಾಪುರದವರಿಗೆ ಬರೆದ ಪತ್ರದ ಎಂಟನೇ ಅಧ್ಯಾಯವನ್ನು ಹಿಡಿಯಿರಿ. ಮೊದಲ ವಚನದಲ್ಲಿ ದಂಡನೆಯ ತೀರ್ಪಿಲ್ಲ, ಕೊನೆಯದರಲ್ಲಿ ಅಗಲಿಕೆಯಿಲ್ಲ, ನಡುವೆ ನರಳುವಿಕೆಯೂ ಇದೆ. ಆ ಹೊತ್ತಿಗೆ ಕೈ ಪಳಗಿರುತ್ತದೆ, ವಾರಕ್ಕೆ ಎರಡು ವಚನ ಭಾರವಾಗದು. ಮೂವತ್ತೊಂಬತ್ತು ವಚನಕ್ಕೆ ಸುಮಾರು ಐದು ತಿಂಗಳು ಬೇಕು. ಮನೆಯಲ್ಲಿ ಇನ್ನೊಬ್ಬರು ಜೊತೆಗೂಡಿ ಶನಿವಾರ ಸಂಜೆ ಒಬ್ಬರಿಗೊಬ್ಬರು ಒಪ್ಪಿಸಿದರೆ ನಡುವೆ ಬಿಟ್ಟುಹೋಗುವ ಸಂಭವ ಕಡಿಮೆ.