ಕಾರಿನ ಬಣ್ಣ: ಒಣಗುವುದು ಬೇರೆ, ಬಲಿಯುವುದು ಬೇರೆ

ಕಾರಿಗೆ ಮತ್ತೆ ಬಣ್ಣ ಹೊಡೆಸಬೇಕೆಂದು ಬರುವವರು ಕೇಳುವ ಮೊದಲ ಪ್ರಶ್ನೆ ಯಾವ ಕಂಪನಿಯ ಬಣ್ಣ ಒಳ್ಳೆಯದು ಎಂಬುದು. ಎರಡನೆಯದು, ಅದರಲ್ಲಿ ಕಡಿಮೆ ಖರ್ಚಿನದು ಯಾವುದು ಎಂಬುದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಇವೆರಡಕ್ಕೂ ಮುಂಚೆ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ, ಅದನ್ನು ಕೇಳಿದವರು ನನ್ನ ಅನುಭವದಲ್ಲಿ ಬೆರಳೆಣಿಕೆಯಷ್ಟು ಮಂದಿ: ಈ ಬಣ್ಣ ಗಟ್ಟಿಯಾಗುವುದು ಹೇಗೆ? ಉತ್ತರ ಗೊತ್ತಿಲ್ಲದೆ ಹಣ ಕೊಟ್ಟು, ವರ್ಷ ತುಂಬುವುದರೊಳಗೆ ಮಂಕಾದ ಕಾರನ್ನು ತಂದು ನಿಲ್ಲಿಸಿ ಬೇಸರಪಡುವವರನ್ನು ನೋಡಿ ನೋಡಿ ಸಾಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕುಂಬಾರ ತಿಗರಿಯಿಂದ ಇಳಿಸಿದ ಹಸಿ ಮಡಕೆಯನ್ನು ಬಿಸಿಲಿಗಿಟ್ಟರೆ ಅದು ಒಣಗುತ್ತದೆ, ಮುಟ್ಟಿದರೆ ಗಟ್ಟಿಯಾಗಿಯೇ ಇರುತ್ತದೆ. ಅದರಲ್ಲಿ ನೀರು ತುಂಬಿಟ್ಟು ನೋಡಿ, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಮಣ್ಣಾಗುತ್ತದೆ. ಆವಿಗೆಯಲ್ಲಿ ಬೆಂದ ಮಡಕೆಗೆ ಆ ಗತಿಯಿಲ್ಲ, ಏಕೆಂದರೆ ಅದರ ಒಳಗಿನ ರಚನೆಯೇ ಬದಲಾಗಿರುತ್ತದೆ. ಕಾರಿನ ಬಣ್ಣಗಳಲ್ಲೂ ಇದೇ ಎರಡು ಜಾತಿಗಳಿವೆ. ಗ್ಯಾರೇಜುಗಳಲ್ಲಿ ಎನ್‌ಸಿ ಎಂದು ಕರೆಯುವ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಮೊದಲನೆಯ ಜಾತಿಯದು. ಅದನ್ನು ತೆಳ್ಳಗೆ ಮಾಡಲು ಬೆರೆಸಿದ ಥಿನ್ನರ್ ಎಂಬ ದ್ರಾವಕ ಆವಿಯಾಗಿ ಹೋದ ಮೇಲೆ ಉಳಿದ ಪೊರೆಯೇ ಬಣ್ಣ; ಮತ್ತೆ ಥಿನ್ನರ್ ತಾಗಿಸಿದರೆ ಅದು ಮತ್ತೆ ಕರಗುತ್ತದೆ. ಪಿಯು ಎಂದು ಕರೆಯುವ ಪಾಲಿಯುರೆಥೇನ್ ಎರಡನೆಯ ಜಾತಿಯದು. ಇದು ಎರಡು ಡಬ್ಬಿಗಳಲ್ಲಿ ಬರುತ್ತದೆ, ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಹಾರ್ಡನರ್. ಹಾರ್ಡನರಿನಲ್ಲಿರುವ ಐಸೋಸಯನೇಟ್ ಬಣ್ಣದ ರಾಳದೊಂದಿಗೆ ರಾಸಾಯನಿಕವಾಗಿ ಬೆಸೆದುಕೊಂಡು ಇಡೀ ಪೊರೆ ಒಂದೇ ಬಲೆಯಂತೆ ಹೆಣೆದುಕೊಳ್ಳುತ್ತದೆ. ಹಾಗೆ ಹೆಣೆದುಕೊಂಡ ಮೇಲೆ ಪೆಟ್ರೋಲಾಗಲಿ ಥಿನ್ನರ್ ಆಗಲಿ ಅದನ್ನು ಕರಗಿಸಲಾರದು. ಮೊದಲನೆಯದಕ್ಕೆ ಒಣಗಿತು ಎನ್ನಬಹುದು, ಎರಡನೆಯದಕ್ಕೆ ಬಲಿಯಿತು ಎನ್ನಬೇಕು. ಹೊಡೆದ ಮರುದಿನ ಎರಡೂ ಒಂದೇ ರೀತಿ ಹೊಳೆಯುತ್ತವೆ, ತೊಂದರೆ ಶುರುವಾಗುವುದೇ ಅಲ್ಲಿ.

ಲ್ಯಾಕರನ್ನು ಬಯ್ಯುವುದು ನನ್ನ ಉದ್ದೇಶವಲ್ಲ, ಅದಕ್ಕೆ ಅದರದೇ ಆದ ಹಿರಿಮೆಯಿದೆ. ಅದು ಬರುವುದಕ್ಕೆ ಮುಂಚೆ ಕಾರುಗಳಿಗೆ ವಾರ್ನಿಷ್ ಪದರಗಳನ್ನು ಬಳಿದು ಒಣಗಲು ವಾರಗಟ್ಟಲೆ ಕಾಯಬೇಕಾಗಿತ್ತು. 1924ರ ಮಾದರಿಯ ಓಕ್‌ಲ್ಯಾಂಡ್ ಕಾರುಗಳಿಗೆ ಡ್ಯೂಕೋ ಎಂಬ ಲ್ಯಾಕರನ್ನು ಹೊಡೆದಾಗ ಆ ಕಾಯುವಿಕೆ ಗಂಟೆಗಳ ಲೆಕ್ಕಕ್ಕೆ ಇಳಿಯಿತು. ಪಾಲಿಯುರೆಥೇನ್ ರಸಾಯನವನ್ನು ಒಟ್ಟೊ ಬೇಯರ್ ಅವರು 1937ರಲ್ಲಿ ಕಂಡುಹಿಡಿದರೂ ಅದು ಕಾರು ದುರಸ್ತಿಯವರ ಕೈಗೆ ಬರುವುದಕ್ಕೆ ಇನ್ನೂ ಹಲವು ದಶಕಗಳು ಬೇಕಾದವು. ಬೇಗ ಒಣಗುವ ಗುಣಕ್ಕಾಗಿಯೇ ಅಂದು ಲ್ಯಾಕರ್ ಗೆದ್ದಿತು, ಅದೇ ಗುಣಕ್ಕಾಗಿ ಇಂದಿಗೂ ಅವಸರದ ಕೆಲಸಗಳಲ್ಲಿ ನುಸುಳಿಕೊಳ್ಳುತ್ತದೆ: ಧೂಳು ಕೂರುವುದರೊಳಗೆ ಒಣಗುತ್ತದೆ, ಬಣ್ಣ ಸಿಂಪಡಿಸುವ ಗನ್ನಿನಲ್ಲಿ ಗಟ್ಟಿಯಾಗುವ ಭಯವಿಲ್ಲ, ಉಳಿದದ್ದನ್ನು ಮತ್ತೆ ಡಬ್ಬಿಗೆ ಸುರಿದಿಡಬಹುದು. ಕೆಲಸ ಮಾಡುವವನಿಗೆ ಇವೆಲ್ಲ ಅನುಕೂಲಗಳೇ. ಬಿಸಿಲಿನಲ್ಲಿ ನಿಲ್ಲುವ ಕಾರಿಗೆ ಅವುಗಳಿಂದ ಏನೂ ಪ್ರಯೋಜನವಿಲ್ಲ.

ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಹಳೆಯ ಕಾರನ್ನು ತಂದದ್ದು ನೆನಪಾಗುತ್ತದೆ. ಬೇರೆ ಕಡೆ ಪೂರ್ತಿ ಬಣ್ಣ ಹೊಡೆಸಿ ಆಗ ಎಂಟೇ ತಿಂಗಳಾಗಿತ್ತು. ಬಾನೆಟ್ಟು ಮತ್ತು ಮೇಲ್ಛಾವಣಿ ಸೀಮೆಸುಣ್ಣ ಉಜ್ಜಿದ ಹಾಗೆ ಬಿಳಚಿಕೊಂಡಿದ್ದವು. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಕೆಳಗೆ ಹನಿಗಳು ಹರಿದ ಜಾಡು ಮೂರು ಗೆರೆಗಳಾಗಿ ಉಳಿದುಕೊಂಡಿತ್ತು. "ತಂದ ದಿನ ಮುಖ ನೋಡಿಕೊಳ್ಳುವ ಹಾಗೆ ಹೊಳೆಯುತ್ತಿತ್ತಲ್ಲಪ್ಪ," ಎಂದರು. ನಾನು ಬಿಳಿಯ ಹತ್ತಿಬಟ್ಟೆಗೆ ನಾಲ್ಕು ಹನಿ ಥಿನ್ನರ್ ಹಾಕಿ ಮುಚ್ಚಳದ ಒಳಬದಿಯಲ್ಲಿ ಹತ್ತಿಪ್ಪತ್ತು ಸಲ ಉಜ್ಜಿದೆ. ಬಟ್ಟೆಗೆ ಕೆಂಪು ಹತ್ತಿತು, ಉಜ್ಜಿದ ಜಾಗ ಬೆರಳಿಗೆ ಅಂಟಿತು. ಮೇಷ್ಟ್ರು ಆ ಬಟ್ಟೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ಮಾತಾಡಲಿಲ್ಲ. ಅವರಿಗೆ ಅದಕ್ಕಿಂತ ಕಷ್ಟದ ಮಾತೊಂದನ್ನು ನಾನು ಹೇಳಬೇಕಾಗಿತ್ತು. ಲ್ಯಾಕರಿನ ಮೇಲೆ ನೇರವಾಗಿ ಪಿಯು ಹೊಡೆದರೆ ಅದರ ಥಿನ್ನರ್ ಕೆಳಗಿನ ಪದರವನ್ನು ಎಬ್ಬಿಸಿ ಸುಕ್ಕುಗಟ್ಟಿಸುವ ಸಂಭವವಿರುತ್ತದೆ. ಆದ್ದರಿಂದ ಅಗ್ಗಕ್ಕೆ ಹೊಡೆಸಿದ ಆ ಬಣ್ಣವನ್ನೆಲ್ಲ ಮೊದಲು ಉಜ್ಜಿ ತೆಗೆಯಬೇಕು, ಆ ಕೂಲಿಯೂ ಅವರ ತಲೆಯ ಮೇಲೆಯೇ. ನಾಲ್ಕು ದಿನ ಉಜ್ಜಿದ ಮೇಲೆ ಕಂಪನಿಯ ಮೂಲ ಪದರ ಸಿಕ್ಕಿತು, ಮತ್ತು ಅದು ಇನ್ನೂ ಗಟ್ಟಿಯಾಗಿಯೇ ಇತ್ತು.

ಇನ್ನು ಪಿಯು ಎಂದು ಹೇಳಿ ಪಿಯು ತಂದರೂ ಕೆಲಸ ಕೆಡುವ ಒಂದು ದಾರಿಯಿದೆ, ಅದು ಹಾರ್ಡನರಿನಲ್ಲಿ ಉಳಿತಾಯ ಮಾಡುವುದು. ಹಾರ್ಡನರ್ ದುಬಾರಿ. ಗಿರಾಕಿ ಚೌಕಾಶಿ ಮಾಡಿದಷ್ಟೂ ಅದರ ಅಳತೆ ಸಣ್ಣದಾಗುವ ಅಪಾಯವಿದೆ, ಇದನ್ನು ನನ್ನ ಕಸುಬಿನವರ ಬಗ್ಗೆ ನೋವಿನಿಂದಲೇ ಹೇಳುತ್ತಿದ್ದೇನೆ. ಎರಡು ಪಾಲಿಗೆ ಒಂದು, ನಾಲ್ಕು ಪಾಲಿಗೆ ಒಂದು ಹೀಗೆ ತಯಾರಕರು ಡಬ್ಬಿಯ ಮೇಲೆ ಅಳತೆ ಬರೆದಿರುತ್ತಾರೆ. ಅದು ಅಡುಗೆಯ ಉಪ್ಪಿನ ಹಾಗೆ ಕೈ ಅಂದಾಜಿಗೆ ಬಿಟ್ಟದ್ದಲ್ಲ. ಬಲೆ ಹೆಣೆಯಲು ಎಷ್ಟು ಕೊಂಡಿಗಳು ಬೇಕೋ ಅಷ್ಟನ್ನೇ ಲೆಕ್ಕ ಹಾಕಿ ಬರೆದದ್ದು. ಕಡಿಮೆಯಾದರೆ ಪೊರೆ ಮೆತ್ತಗೆ ಉಳಿದು ಹೊಳಪು ಬೇಗ ಇಳಿಯುತ್ತದೆ, ಹೆಚ್ಚಾದರೆ ಪೆಡಸಾಗಿ ಬಿರುಕು ಬಿಡಬಹುದು. ಒಂದು ಕಂಪನಿಯ ಬಣ್ಣಕ್ಕೆ ಇನ್ನೊಂದು ಕಂಪನಿಯ ಹಾರ್ಡನರ್ ಬೆರೆಸುವುದನ್ನೂ ನಾನು ಒಪ್ಪುವುದಿಲ್ಲ. ಕೆಲವೊಮ್ಮೆ ನಡೆದುಹೋಗುತ್ತದೆ, ಕೆಲವೊಮ್ಮೆ ನಡೆಯುವುದಿಲ್ಲ, ಮತ್ತು ನಡೆಯದಿದ್ದಾಗ ಹೊಣೆ ಹೊರಲು ಯಾರೂ ಇರುವುದಿಲ್ಲ. ಬೆರೆಸಿದ ಬಣ್ಣಕ್ಕೆ ಕೆಲವೇ ಗಂಟೆಗಳ ಆಯಸ್ಸು. ಆ ಹೊತ್ತು ಮೀರಿ ಗಟ್ಟಿಯಾಗತೊಡಗಿದ್ದಕ್ಕೆ ಮತ್ತಷ್ಟು ಥಿನ್ನರ್ ಸುರಿದು ಹೊಡೆಯುವುದೂ ಅಳತೆ ತಪ್ಪಿದಷ್ಟೇ ಕೆಟ್ಟದ್ದು.

ಖರ್ಚು ಉಳಿಸಬೇಕೆನ್ನುವವರು ಉಳಿಸಬೇಕಾದ ಜಾಗಗಳು ಬೇರೆಯೇ ಇವೆ. ಎಲ್ಲಕ್ಕಿಂತ ಮೊದಲು, ಬಣ್ಣ ಹೊಡೆಸುವ ಅಗತ್ಯವಿದೆಯೇ ನೋಡಿ. ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಪದರ, ಇಲ್ಲದ ಹಳೆಯ ಸಾದಾ ಬಣ್ಣ ಮಂಕಾಗಿದ್ದರೆ ಒಳ್ಳೆಯ ಪಾಲಿಷ್ ಅದನ್ನು ಇನ್ನೂ ಕೆಲವು ವರ್ಷ ನಡೆಸಬಹುದು. ಕ್ಲಿಯರ್ ಕೋಟ್ ಸಿಪ್ಪೆಯಂತೆ ಏಳುತ್ತಿದ್ದರೆ ಮಾತ್ರ ಪಾಲಿಷಿನಿಂದ ಏನೂ ಆಗುವುದಿಲ್ಲ. ಮೊದಲು ಕೆಡುವುದು ಬಿಸಿಲಿಗೆ ಮುಖ ಮಾಡಿ ಮಲಗಿದ ಬಾನೆಟ್ಟು, ಮೇಲ್ಛಾವಣಿ ಮತ್ತು ಡಿಕ್ಕಿಯ ಬಾಗಿಲು. ಪಕ್ಕದ ಬಾಗಿಲುಗಳು ಚೆನ್ನಾಗಿದ್ದರೆ ಅವನ್ನು ಮುಟ್ಟಿಸಬೇಡಿ.

ಎರಡನೆಯದಾಗಿ, "ಹಳೆಯದನ್ನು ಪೂರ್ತಿ ಕಿತ್ತು, ತಗಡು ಕಾಣುವ ಹಾಗೆ ಮಾಡಿ ಹೊಸದಾಗಿ ಹೊಡೆಯಿರಿ" ಎಂದು ಹಟ ಹಿಡಿಯಬೇಡಿ. ಕಾರ್ಖಾನೆಯಲ್ಲಿ ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಮೂಲೆ ಸಂದುಗಳಿಗೂ ಬಣ್ಣದ ಅಡಿಪದರವಾದ ಪ್ರೈಮರ್ ಕೂರುವಂತೆ ಮಾಡಿರುತ್ತಾರೆ. ಸುಮಾರು 20 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪದ ಆ ಪದರವನ್ನು 160ರಿಂದ 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿರುತ್ತಾರೆ. ವೈರು, ರಬ್ಬರು, ಸೀಟುಗಳೆಲ್ಲ ಕೂತಿರುವ ಕಾರನ್ನು ಆ ಶಾಖಕ್ಕೆ ಒಡ್ಡಲು ಯಾವ ದುರಸ್ತಿ ಅಂಗಡಿಗೂ ಸಾಧ್ಯವಿಲ್ಲ. ಬಣ್ಣ ಹೊಡೆಯುವ ನಮ್ಮ ಬೂತುಗಳಲ್ಲಿ 60 ಡಿಗ್ರಿಯಲ್ಲಿ ಅರ್ಧ ಗಂಟೆ ಇಡುವುದೇ ರೂಢಿ. ತುಕ್ಕಿಗೆ ಕಾರ್ಖಾನೆಯ ಆ ಪದರಕ್ಕಿಂತ ಒಳ್ಳೆಯ ಕಾವಲು ನಾನು ಕೊಡಲಾರೆ. ಆದ್ದರಿಂದ ಅದು ಗಟ್ಟಿಯಾಗಿ ಹಿಡಿದಿರುವ ಕಡೆ ಉಜ್ಜಿ ಒರಟು ಮಾಡಿ ಅದರ ಮೇಲೆಯೇ ಹೊಡೆಯುವುದು ಅಗ್ಗವೂ ಹೌದು, ಉತ್ತಮವೂ ಹೌದು. ತುಕ್ಕು ಹಿಡಿದ ಜಾಗವನ್ನು ಮಾತ್ರ ಹೊಳೆಯುವ ಲೋಹ ಕಾಣುವವರೆಗೆ ಕೆರೆದು ಎಪಾಕ್ಸಿ ಪ್ರೈಮರ್ ಕೊಡಬೇಕು. ಹಲವು ಸಲ ಬಣ್ಣ ಕಂಡ ಕಾರಿನ ಮಾತು ಬೇರೆ. ಕಂಪನಿಯ ಪದರಗಳೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತವೆ. ಅಳೆಯುವ ಉಪಕರಣ 300 ದಾಟಿಸಿ ತೋರಿಸಿದರೆ ನಾನು ಹಳೆಯದನ್ನು ತೆಳ್ಳಗೆ ಮಾಡದೆ ಮುಂದುವರಿಯುವುದಿಲ್ಲ.

ತಗ್ಗುಗಳನ್ನು ತುಂಬಲು ಮೆತ್ತುವ ಪುಟ್ಟಿಯ ಬಗ್ಗೆ ಒಂದೇ ಮಾತು: ಅದು ನೀರು ಹೀರುತ್ತದೆ. ಪ್ರೈಮರ್ ಕಾಣದ ಪುಟ್ಟಿಯನ್ನು ನೀರು ಹಾಕಿ ಉಜ್ಜಿದರೆ ಆ ತೇವ ಒಳಗೇ ಉಳಿದು ಮುಂದೆ ಗುಳ್ಳೆಯಾಗಿ ಏಳುತ್ತದೆ.

ಮೂರನೆಯ ಉಳಿತಾಯ ಬಣ್ಣದ ಆಯ್ಕೆಯಲ್ಲಿದೆ. ಕಾರಿನ ಮೂಲ ಬಣ್ಣವನ್ನೇ ಉಳಿಸಿಕೊಳ್ಳಿ. ಬದಲಾಯಿಸಿದರೆ ಬಾಗಿಲಿನ ಚೌಕಟ್ಟು, ಬಾನೆಟ್ಟಿನ ಒಳಭಾಗಗಳಿಗೂ ಹೊಡೆಯಬೇಕಾಗುತ್ತದೆ. ಬಾಗಿಲಿನ ಕಂಬದ ಮೇಲೋ ಬಾನೆಟ್ಟಿನ ಕೆಳಗೋ ಇರುವ ಫಲಕದಲ್ಲಿ ಬಣ್ಣದ ಸಂಕೇತ ಸಿಗುತ್ತದೆ. ಮೂಲ ಬಣ್ಣ ಸಾದಾ ಬಿಳಿ, ಕೆನೆ ಅಥವಾ ಬೂದು ಆಗಿದ್ದರೆ ನೀವು ಅದೃಷ್ಟವಂತರು. ಬಾಳಿಕೆ ಮತ್ತು ಬೆಲೆ ಎರಡನ್ನೂ ತೂಗಿ ಒಂದೇ ಉತ್ತರ ಕೊಡಿ ಎಂದರೆ ನಾನು ಕೊಡುವುದು ಇದನ್ನೇ: ಹಾರ್ಡನರ್ ಬೆರೆಸಿದ ಸಾದಾ ಪಿಯು, ಪ್ರತ್ಯೇಕ ಕ್ಲಿಯರ್ ಕೋಟ್ ಇಲ್ಲದೆ. ಪದರಗಳು ಕಡಿಮೆ, ಕೂಲಿ ಕಡಿಮೆ, ಮುಂದೆ ಗೀರು ಬಿದ್ದಾಗ ಸರಿಪಡಿಸುವುದೂ ಸುಲಭ. ಬಿಳಿಗೆ ಬಳಸುವ ಟೈಟೇನಿಯಂ ಡೈಆಕ್ಸೈಡ್ ಬಿಸಿಲಿಗೆ ಬಣ್ಣಗೆಡುವುದಿಲ್ಲ. ಕೆಂಪು ವರ್ಣದ್ರವ್ಯಗಳ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆ. ಮೆಟಾಲಿಕ್ ಬಣ್ಣಕ್ಕೆ ಕ್ಲಿಯರ್ ಕೋಟ್ ಬೇಕೇ ಬೇಕು. ಕ್ಲಿಯರಿನ ಕೆಳಗಿರುವ ಅದರ ಬಣ್ಣದ ಪದರ, ಅಂದರೆ ಬೇಸ್ ಕೋಟ್, ಸಾಮಾನ್ಯವಾಗಿ ಒಣಗುವ ಜಾತಿಯದೇ, ಬಲಿಯುವ ಜಾತಿಯದಲ್ಲ. ಆದ್ದರಿಂದ ಅಲ್ಲಿ ಇಡೀ ಬಾಳಿಕೆ ಮೇಲಿನ ಕ್ಲಿಯರಿನ ಮೇಲೆಯೇ ನಿಂತಿರುತ್ತದೆ, ಅಲ್ಲಿ ಅಗ್ಗದ್ದನ್ನು ಕೇಳಬೇಡಿ.

ಕೂಲಿ ಉಳಿಸಲು ಮನೆಯಲ್ಲೇ ಹೊಡೆಯುತ್ತೇನೆ ಎನ್ನುವ ಉತ್ಸಾಹಿಗಳ ಮೇಲೆ ನನಗೆ ಪ್ರೀತಿಯಿದೆ, ನಾನೂ ಹಾಗೆಯೇ ಶುರು ಮಾಡಿದವನು. ಉಜ್ಜುವುದು, ತೊಳೆಯುವುದು, ಕಾಗದ ಅಂಟಿಸುವುದು ಇವನ್ನೆಲ್ಲ ನೀವೇ ಮಾಡಿ, ಅರ್ಧಕ್ಕಿಂತ ಹೆಚ್ಚು ಶ್ರಮ ಇರುವುದೇ ಅಲ್ಲಿ. ಆದರೆ ಹಾರ್ಡನರ್ ಬೆರೆಸಿದ ಬಣ್ಣವನ್ನು ಗನ್ನಿನಿಂದ ಹೊಡೆಯುವುದನ್ನು ಮಾತ್ರ ಮಾಡಬೇಡಿ. ಐಸೋಸಯನೇಟಿನ ಮಂಜು ಶ್ವಾಸಕೋಶಕ್ಕೆ ಹೋದರೆ ಅಸ್ತಮಾ ತರಬಲ್ಲದು, ಮತ್ತು ಒಮ್ಮೆ ದೇಹ ಅದಕ್ಕೆ ಒಗ್ಗದಂತಾದರೆ ಆಮೇಲೆ ತೀರಾ ಸ್ವಲ್ಪವೂ ತೊಂದರೆ ಕೊಡುತ್ತದೆ. ವಾಸನೆ ಬರಲಿಲ್ಲ ಎಂಬುದು ಸುರಕ್ಷತೆಯ ಗುರುತಲ್ಲ. ಬಟ್ಟೆಯ ಮಾಸ್ಕು ಏನೇನೂ ಸಾಲದು. ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಮುಖಗವಸು ಬೇಕು, ಅದು ಮನೆಗಳಲ್ಲಿ ಇರುವುದಿಲ್ಲ.

ಕೆಲಸ ಒಪ್ಪಿಸುವಾಗ ಪ್ರೈಮರ್, ಬಣ್ಣ, ಹಾರ್ಡನರ್ ಮೂರರ ಹೆಸರನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಬೆರೆಸುವ ಅಳತೆಯನ್ನೂ ಕೇಳಿ. ಚೆನ್ನಾಗಿ ಕೆಲಸ ಮಾಡುವವರಿಗೆ ಈ ಪ್ರಶ್ನೆಯಿಂದ ಸಂತೋಷವೇ ಆಗುತ್ತದೆ. ಕಾರು ಮನೆಗೆ ಬಂದ ಮೇಲೂ ಬಣ್ಣ ಒಳಗೊಳಗೇ ಬಲಿಯುತ್ತಿರುತ್ತದೆ. ಒಂದು ತಿಂಗಳು ವ್ಯಾಕ್ಸ್ ಹಾಕಬೇಡಿ, ಹಕ್ಕಿ ಹಿಕ್ಕೆ ಬಿದ್ದರೆ ಒಣಗಲು ಬಿಡದೆ ನೀರಿನಿಂದ ತೊಳೆಯಿರಿ. ಆ ತಿಂಗಳು ಕಳೆದ ಮೇಲೆ ಬಿಳಿ ಬಟ್ಟೆಗೆ ಥಿನ್ನರ್ ಹಾಕಿ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲಿ ಉಜ್ಜಿ ನೋಡಿ. ಸಾದಾ ಬಣ್ಣವಾದರೆ ಬಟ್ಟೆಯನ್ನು ನೋಡಿ, ಕ್ಲಿಯರ್ ಕೋಟ್ ಇದ್ದರೆ ಬಣ್ಣ ಹತ್ತದೆಯೂ ಮೋಸವಿರಬಹುದಾದ್ದರಿಂದ ಉಜ್ಜಿದ ಜಾಗವನ್ನು ಬೆರಳಿನಿಂದ ಮುಟ್ಟಿ, ಅಂಟುತ್ತದೆಯೇ ನೋಡಿ. ಮೇಷ್ಟ್ರು ತಮ್ಮ ಕಾರನ್ನು ಆ ತಿಂಗಳು ತುಂಬಿದ ದಿನವೇ ತಂದರು, ಬಟ್ಟೆಯನ್ನು ಮನೆಯಿಂದಲೇ ಮಡಚಿ ತಂದಿದ್ದರು, ಮತ್ತು ಥಿನ್ನರ್ ಸೀಸೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಉಜ್ಜಿದರು.